ಲೆಕ್ಕವೇ ಹೊರತು ವೈರಾಗ್ಯವಲ್ಲ

ಪ್ರಶ್ನೆ: ನಾನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವಳು. ನನ್ನ ತಂಗಿಗೆ ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಕಡೆಯವರೆಗೂ ದಿನಕ್ಕೆ ನಾಲ್ಕು ಸಲ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಅಷ್ಟಾದರೂ ಬಸ್ಸಿನಲ್ಲಿ ತುಮಕೂರಿಗೆ ಹೋಗಿಬಂದು ಡಿಗ್ರಿ ಮುಗಿಸಿದಳು, ಶಾಲೆಯಲ್ಲಿ ಪಾಠ ಹೇಳಿದಳು, ಗೆಳತಿಯರನ್ನು ಕಟ್ಟಿಕೊಂಡು ಎಡೆಯೂರಿನ ಜಾತ್ರೆಗೆ ಹೋದಳು. ಮೂವತ್ತೊಂದನೆಯ ವಯಸ್ಸಿನಲ್ಲಿ ಮೂತ್ರಪಿಂಡಗಳು ಕೆಟ್ಟು ತೀರಿಕೊಂಡಳು. "ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಇನ್ನೂ ಹತ್ತು ವರ್ಷ ಬಾಳುತ್ತಿದ್ದಳು, ಓಡಾಟವೇ ಅವಳನ್ನು ತಿಂದಿತು" ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಅವಳು ಬರೆದಿಡುತ್ತಿದ್ದ ನೋಟ್‌ಬುಕ್ ನನ್ನ ಬಳಿಯಿದೆ. ಸಕ್ಕರೆಯ ಅಂಕಿಗಳ ಪಕ್ಕದಲ್ಲಿ "ಚಿಕ್ಕಮ್ಮನ ಮನೆ ಮದುವೆ, ಒಬ್ಬಟ್ಟು ಎರಡು, ನಾಲ್ಕು ಯೂನಿಟ್ ಜಾಸ್ತಿ" ಎಂದೆಲ್ಲ ಬರೆದಿದ್ದಾಳೆ. ನೆಂಟರ ಮಾತು ನಿಜವೇ?

ಉತ್ತರ: ನಿಜವಲ್ಲ, ತಾಯಿ. ಪತ್ರವೊಂದನ್ನು ಓದಿ ಮರಣಕಾರಣವನ್ನು ನಿರ್ಣಯಿಸುವುದು ವೈದ್ಯಧರ್ಮಕ್ಕೆ ಸಲ್ಲದಾದರೂ, ಬಸ್ಸಿನ ಪ್ರಯಾಣವಾಗಲಿ, ಮಕ್ಕಳಿಗೆ ಪಾಠ ಹೇಳುವ ಶ್ರಮವಾಗಲಿ, ಜಾತ್ರೆಯ ನಡಿಗೆಯಾಗಲಿ ಮೂತ್ರಪಿಂಡವನ್ನು ಕೆಡಿಸಲಾರದೆಂಬುದನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಲ್ಲೆನು. ಟೈಪ್ 1 ಎಂದು ಕರೆಯಲಾಗುವ ಈ ಬಗೆಯ ಮಧುಮೇಹದಲ್ಲಿ ಶರೀರದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಸಿಹಿ ತಿಂದುದರಿಂದ ಬರುವ ರೋಗ ಇದಲ್ಲ. ರಕ್ತದ ಸಕ್ಕರೆ ವರ್ಷಾನುಗಟ್ಟಲೆ ಏರಿಯೇ ಇದ್ದಲ್ಲಿ ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳು ನೋವಿಲ್ಲದೆ, ಸುಳಿವೂ ಇಲ್ಲದೆ ಹಾಳಾಗುತ್ತ ಹೋಗುತ್ತವೆ. ರಕ್ತದೊತ್ತಡವೂ ಜೊತೆಗೂಡಿದರೆ ಹಾನಿಯ ವೇಗ ಹೆಚ್ಚುತ್ತದೆ. ಇದರಲ್ಲಿ ವಂಶಗುಣದ ಪಾಲೂ ಉಂಟಾದಕಾರಣ, ಎಚ್ಚರದಿಂದ ಬಾಳಿದವರಲ್ಲಿಯೂ ಕೆಲವರಿಗೆ ಅದು ತಪ್ಪುವುದಿಲ್ಲ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ 1441 ಮಂದಿ ರೋಗಿಗಳ ಮೇಲೆ ನಡೆದು 1993ರಲ್ಲಿ ಮುಗಿದ ಪ್ರಸಿದ್ಧ ಅಧ್ಯಯನವು, ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ ಮತ್ತು ನರಗಳ ಹಾನಿ ಬಹಳಮಟ್ಟಿಗೆ ತಗ್ಗುವುದೆಂದು ತೋರಿಸಿಕೊಟ್ಟಿತು. ಆ ಹತೋಟಿ ಅವರಿಗೆ ದೊರೆತದ್ದು ಅಳತೆಯಿಂದಲೂ ಇನ್ಸುಲಿನ್ನಿನಿಂದಲೂ, ಮನೆಯಲ್ಲಿ ಕುಳಿತುದರಿಂದಲ್ಲ.

ನಿಮ್ಮ ನೆಂಟರ ಮಾತಿಗೂ ಒಂದು ಪೂರ್ವಚರಿತ್ರೆಯುಂಟು. ಇನ್ಸುಲಿನ್ ಇಲ್ಲದಿದ್ದ ಕಾಲದಲ್ಲಿ ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ನನು ಇಂತಹ ಮಕ್ಕಳಿಗೆ ಅರೆಹೊಟ್ಟೆಯ ಉಪವಾಸವನ್ನೇ ಚಿಕಿತ್ಸೆಯಾಗಿ ವಿಧಿಸುತ್ತಿದ್ದನು. ಬದುಕನ್ನು ಕುಗ್ಗಿಸಿದಷ್ಟೂ ಮರಣ ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು. ಆ ದೇಶದ ವಿದೇಶಾಂಗ ಸಚಿವನ ಮಗಳಾದ ಎಲಿಜಬೆತ್ ಹ್ಯೂಸ್ ಎಂಬ ಬಾಲಿಕೆಗೆ 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಈ ರೋಗ ತಗಲಿತು. 1922ರ ಆಗಸ್ಟ್‌ನಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬನಾದ ಟೊರಾಂಟೋ ನಗರದ ಡಾಕ್ಟರ್ ಬ್ಯಾಂಟಿಂಗ್‌ನ ಬಳಿಗೆ ಕರೆತಂದಾಗ, ಹದಿನೈದು ತುಂಬುತ್ತಿದ್ದ ಆ ಹುಡುಗಿಯ ತೂಕ ಸುಮಾರು ಇಪ್ಪತ್ತು ಕಿಲೋ ಮಾತ್ರ. ಇನ್ಸುಲಿನ್ ದೊರೆತ ಮೇಲೆ ಅವಳು ಹೊಟ್ಟೆತುಂಬ ಉಂಡಳು, ಕಾಲೇಜು ಓದಿ 1929ರಲ್ಲಿ ಪದವೀಧರೆಯಾದಳು, ಮದುವೆಯಾಗಿ ಮೂವರು ಮಕ್ಕಳನ್ನು ಹೆತ್ತಳು, 1981ರವರೆಗೆ ಬಾಳಿದಳು. ಅವಳಿಗಿಂತ ಕೆಲವು ತಿಂಗಳು ಮೊದಲು, 1922ರ ಜನವರಿಯಲ್ಲಿ, ಇನ್ಸುಲಿನ್ ಪಡೆದ ಪ್ರಥಮ ರೋಗಿಯಾದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಾದರೋ ಇಪ್ಪತ್ತಾರರಲ್ಲಿಯೇ ತೀರಿಕೊಂಡನು. ಔಷಧ ಒಂದೇ ಆಗಿದ್ದರೂ ಆಯುಸ್ಸು ಒಂದೇ ಆಗಲಿಲ್ಲ. ಹಾಗೆಂದು ಆ ಹುಡುಗ ಬದುಕಿದ ಹದಿಮೂರು ವರ್ಷಗಳನ್ನು ವ್ಯರ್ಥವೆನ್ನುವವರು ಯಾರು?

ಇನ್ಸುಲಿನ್ ಬಂದಂದಿನಿಂದ ಈ ರೋಗವು ಮನುಷ್ಯನಿಂದ ಕೇಳುವುದು ಲೆಕ್ಕವನ್ನೇ ಹೊರತು ವೈರಾಗ್ಯವನ್ನಲ್ಲ. ನಿಮ್ಮ ತಂಗಿ ಇದನ್ನು ಚೆನ್ನಾಗಿ ಅರಿತಿದ್ದಳೆಂಬುದಕ್ಕೆ ಆ ಎರಡು ಒಬ್ಬಟ್ಟುಗಳೇ ಸಾಕ್ಷಿ. ಒಬ್ಬಟ್ಟನ್ನು ಬೇಡವೆಂದು ತಳ್ಳಿ ಮೂಲೆಯಲ್ಲಿ ಕೂರಲಿಲ್ಲ. ತಿಂದು ಮರೆಯಲೂ ಇಲ್ಲ. ತಿಂದದ್ದನ್ನು ಎಣಿಸಿ, ಅದಕ್ಕೆ ತಕ್ಕ ಇನ್ಸುಲಿನ್ ಸೇರಿಸಿ, ಬರೆದಿಟ್ಟಳು. ಓಡಾಟವೂ ಅವಳಿಗೆ ಅಪಾಯವಾಗಿರಲಿಲ್ಲ; ದೇಹಶ್ರಮವು ಇನ್ಸುಲಿನ್ನಿನ ಕೆಲಸಕ್ಕೆ ಸಹಾಯವನ್ನೇ ಮಾಡುತ್ತದೆ.

ಪ್ರಶ್ನೆ: ನಮ್ಮಣ್ಣನ ಹನ್ನೊಂದು ವರ್ಷದ ಮಗಳಿಗೂ ಈಗ ಇದೇ ಕಾಯಿಲೆ ಬಂದಿದೆ. ಶಾಲೆ ಬಿಡಿಸಿ ಎಂದು ಅಜ್ಜಿ ಹಟ ಹಿಡಿದಿದ್ದಾರೆ. ನಾಟಿ ಔಷಧಿ ಕೊಡಿಸಿ ಸೂಜಿ ನಿಲ್ಲಿಸೋಣ ಎನ್ನುವವರೂ ಇದ್ದಾರೆ. ತೋಟದ ಮನೆಯಲ್ಲಿ ಕರೆಂಟಿನ ಭರವಸೆಯೂ ಇಲ್ಲ. ಏನು ಮಾಡಬೇಕು?

ಉತ್ತರ: ಶಾಲೆಯನ್ನು ಬಿಡಿಸಕೂಡದು; ಸೂಜಿಯನ್ನಂತೂ ಒಂದು ದಿನವೂ ನಿಲ್ಲಿಸಕೂಡದು. ಇನ್ಸುಲಿನ್ ನಿಂತೊಡನೆ ದೇಹವು ಕೊಬ್ಬನ್ನು ಕರಗಿಸತೊಡಗಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬುತ್ತವೆ. ವಾಂತಿ, ಹೊಟ್ಟೆನೋವು, ದೀರ್ಘವಾದ ಉಸಿರಾಟ, ಹಣ್ಣಿನಂತಹ ವಾಸನೆ ಕಂಡುಬಂದು, ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಸಂಚಕಾರವಾಗಬಹುದು. ಜ್ವರ ಬಂದು ಮಗು ಊಟ ಬಿಟ್ಟ ದಿನವೂ ಇನ್ಸುಲಿನ್ ಬೇಕು. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಸರಿಪಡಿಸಿಕೊಳ್ಳತಕ್ಕದ್ದು.

ಶಾಲೆಯ ಮೇಷ್ಟರಿಗೆ ವಿಷಯವನ್ನು ಮುಚ್ಚಿಡದೆ ತಿಳಿಸಿರಿ. ಕೈ ನಡುಗುವುದು, ಬೆವರು, ಹಸಿವು, ಕಾರಣವಿಲ್ಲದ ಸಿಟ್ಟು, ಮಾತು ತಡವರಿಸುವುದು, ಇವು ಶುಗರ್ ಲೋ ಆದ ಗುರುತುಗಳು. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಕೊಡಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು; 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ತೆರೆಯದ ಸೀಸೆಗಳನ್ನು ಫ್ರಿಡ್ಜಿನಲ್ಲಿಡಬಹುದು, ಫ್ರೀಜರಿನಲ್ಲಿ ಕೂಡದು. ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ಕರೆಂಟಿಲ್ಲದಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿರಿಸಿ, ನಡುವಣ ಜಾಗಕ್ಕೆ ಮರಳು ತುಂಬಿ ನೀರು ಚಿಮುಕಿಸುತ್ತ, ಗಾಳಿಯಾಡುವ ನೆರಳಿನಲ್ಲಿಟ್ಟರೆ, ಒಳಗಿನ ಸೀಸೆ ತಂಪಾಗಿರುತ್ತದೆ. ನೀರು ತಾಗದಂತೆ ಮಾತ್ರ ನೋಡಿಕೊಳ್ಳಬೇಕು. ತೆರೆದ ಸೀಸೆಯನ್ನು ಸಾಮಾನ್ಯವಾಗಿ ಇಪ್ಪತ್ತೆಂಟು ದಿನಗಳಾಚೆಗೆ ಬಳಸಬಾರದು. ಕಾಯಿಲೆ ಬಂದು ಐದು ವರ್ಷ ಕಳೆಯುತ್ತಲೇ ಪ್ರತಿವರ್ಷವೂ ಕಣ್ಣಿನ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಗಳನ್ನು ಮಾಡಿಸಿರಿ. ರಕ್ತದೊತ್ತಡವನ್ನು ಮೊದಲಿನಿಂದಲೇ ನೋಡಿಸುತ್ತಿರಿ. ನಿಮ್ಮ ತಂಗಿಯನ್ನು ಒಯ್ದ ಹಾನಿಯನ್ನು ಮೊಳಕೆಯಲ್ಲಿಯೇ ಕಾಣಿಸಬಲ್ಲವು ಇವೇ.

ಪ್ರಶ್ನೆ: ಮುಂದೆ ಇವಳಿಗೆ ಮದುವೆ, ಮಕ್ಕಳು ಆಗಬಹುದೇ? ಗಂಡಿನ ಕಡೆಯವರಿಗೆ ಹೇಳಬೇಕೇ?

ಉತ್ತರ: ಎರಡೂ ಆಗಬಹುದು. ಗರ್ಭ ಧರಿಸುವುದಕ್ಕೆ ಕೆಲವು ತಿಂಗಳು ಮೊದಲೇ ಸಕ್ಕರೆಯನ್ನು ಹತೋಟಿಗೆ ತಂದುಕೊಂಡರೆ ತಾಯಿಗೂ ಕೂಸಿಗೂ ಕ್ಷೇಮ. ತಾಯಿಗೆ ಈ ರೋಗವಿದ್ದಲ್ಲಿ ಮಗುವಿಗೆ ಬರುವ ಸಂಭವ ಸಾಮಾನ್ಯವಾಗಿ ನೂರಕ್ಕೆ ನಾಲ್ಕನ್ನು ಮೀರದು. ಗಂಡಿನ ಮನೆಯವರಿಗೆ ಹೇಳಲೇಬೇಕು. ಎಲಿಜಬೆತ್ ಹ್ಯೂಸ್ ತನ್ನ ರೋಗದ ಸಂಗತಿಯನ್ನು ಜೀವಮಾನವೆಲ್ಲ ಬಹುಮಟ್ಟಿಗೆ ಗುಟ್ಟಾಗಿಯೇ ಇಟ್ಟಳು. ಆ ಕಾಲಕ್ಕೆ ಅದು ಕ್ಷಮ್ಯ. ಆದರೆ ದಿನಕ್ಕೆ ನಾಲ್ಕು ಸಲ ಸೂಜಿ ಹಿಡಿಯಬೇಕಾದವಳು ನಾಲ್ಕು ಸಲವೂ ಮರೆಯನ್ನು ಹುಡುಕುವಂತಾದರೆ, ಒಂದೆರಡು ಸಲವಾದರೂ ಸೂಜಿ ತಪ್ಪುವುದು ನಿಶ್ಚಯ. ಆದುದರಿಂದ, ಊಟದ ಎಲೆಯ ಮುಂದೆ ಅವಳು ಸಂಕೋಚವಿಲ್ಲದೆ ಇನ್ಸುಲಿನ್ ಚುಚ್ಚಿಕೊಳ್ಳಬಹುದಾದ ಮನೆಯನ್ನೇ ಅವಳಿಗೆ ನೋಡಿರಿ.