ಊರಿನ ಪ್ರಶ್ನೆ, ಊರಿನ ಉತ್ತರ: ಆದಾಯ ತರುವ ಜಾಲತಾಣವನ್ನು ಕಟ್ಟುವ ಕ್ರಮ

ಬಳ್ಳಾರಿಯ ಓಣಿಗಳಲ್ಲಿ ಹೊಲಿಗೆಯಂತ್ರಗಳು ಓಡುತ್ತ ಜೀನ್ಸ್ ಉಡುಪುಗಳು ರಾಶಿಬೀಳುತ್ತಿರುವಾಗ, ಸಿರುಗುಪ್ಪದ ಗಿರಣಿಗಳಿಂದ ಸೋನಾ ಮಸೂರಿ ಅಕ್ಕಿಯ ಮೂಟೆಗಳು ಲಾರಿಗೇರುತ್ತಿರುವಾಗ, ಕುರುಗೋಡಿನ ಕಣದಲ್ಲಿ ಒಣಗಿದ ಮೆಣಸಿನಕಾಯಿ ದೂರದ ಬ್ಯಾಡಗಿಯ ಮಾರುಕಟ್ಟೆಗೆ ಹೊರಡುತ್ತಿರುವಾಗ, ಇವುಗಳನ್ನು ಕೊಳ್ಳಬೇಕೆಂದಿರುವ ಅಥವಾ ಇವುಗಳ ವಿಷಯವಾಗಿ ತಿಳಿಯಬೇಕೆಂದಿರುವ ಮನುಷ್ಯನು ಇಂದು ಮೊಟ್ಟಮೊದಲು ಮಾಡುವ ಕೆಲಸವೆಂದರೆ ಕೈಯಲ್ಲಿರುವ ಮೊಬೈಲಿಗೆ ಒಂದು ಪ್ರಶ್ನೆಯನ್ನು ಹಾಕುವುದು. ಆ ಪ್ರಶ್ನೆಗೆ ಊರಿನವರು ಉತ್ತರವನ್ನು ಬರೆದಿಡದೆ ಹೋದರೆ, ಊರನ್ನು ಎಂದೂ ಕಂಡಿಲ್ಲದ ಯಾರೋ ಒಬ್ಬರು ಅಲ್ಲಲ್ಲಿಂದ ಆಯ್ದ ನಾಲ್ಕು ವಾಕ್ಯಗಳನ್ನು ಹೊಂದಿಸಿ ಉತ್ತರವೆಂದು ಕೊಡುತ್ತಾರೆ. ಓದುಗನೂ ಅವರ ಪಾಲಾಗುತ್ತಾನೆ, ಅವನಿಂದ ಬರತಕ್ಕ ಆದಾಯವೂ ಅವರಿಗೇ ಸಲ್ಲುತ್ತದೆ. ಇದನ್ನು ತಪ್ಪಿಸುವ ಶಕ್ತಿ ಊರಿನಲ್ಲಿಯೇ ಇರುವ ವಿದ್ಯಾವಂತ ಯುವಕ ಯುವತಿಯರಿಗೆ ಇದೆಯೆಂಬ ದೃಢವಾದ ನಂಬಿಕೆಯಿಂದ, ಅದರ ಕ್ರಮವನ್ನು ಇಲ್ಲಿ ವಿವರಿಸಲು ಹೊರಟಿದ್ದೇನೆ.

ಶೋಧಯಂತ್ರವು ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿಯಾದರೂ ಮೊದಲು ಅರಿತಿರಬೇಕು. ಗೂಗಲ್ಲಿನ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕುಗಳ ಮೂಲಕ ಸಂಚರಿಸಿ, ಕಂಡದ್ದನ್ನು ಓದಿ, ತನ್ನ ಸೂಚಿಯಲ್ಲಿ ಬರೆದುಕೊಳ್ಳುತ್ತದೆ. ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದಲೇ ಉತ್ತರವಾಗಬಲ್ಲ ಪುಟಗಳನ್ನು ತೆಗೆದು, ನೂರಾರು ಲಕ್ಷಣಗಳನ್ನು ತೂಗಿ, ಒಂದರ ಕೆಳಗೊಂದರಂತೆ ನಿಲ್ಲಿಸುತ್ತದೆ. ಸೂಚಿಯಲ್ಲಿ ಸೇರದ ಪುಟ ಎಷ್ಟು ಸೊಗಸಾಗಿದ್ದರೂ ಹುಡುಕುವವನ ಪಾಲಿಗೆ ಇಲ್ಲವೇ ಇಲ್ಲ.

ಮೊದಲ ಹೆಜ್ಜೆ: ಪ್ರಶ್ನೆಗಳ ಸಂಗ್ರಹ

ಬಹುಮಂದಿ ಜಾಲತಾಣದ ಬಣ್ಣ, ವಿನ್ಯಾಸ, ಲಾಂಛನಗಳಿಂದ ಕೆಲಸವನ್ನು ಆರಂಭಿಸುತ್ತಾರೆ. ನಾನು ಹೇಳುವುದಾದರೆ, ಕಂಪ್ಯೂಟರನ್ನು ತೆರೆಯುವುದಕ್ಕೆ ಮುನ್ನ ಒಂದು ನೋಟುಪುಸ್ತಕವನ್ನು ಕೊಂಡು, ಒಂದು ತಿಂಗಳ ಕಾಲ ಜನರು ಕೇಳುವ ಪ್ರಶ್ನೆಗಳನ್ನು ಅವರ ಬಾಯಿಂದ ಬಂದ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಜೀನ್ಸ್ ಹೊಲಿಸಿ ಸಗಟಾಗಿ ಮಾರುವವರ ಅಂಗಡಿಗೆ ಬರುವ ಫೋನುಗಳನ್ನು ಕೇಳಿ ನೋಡಿ: ಕನಿಷ್ಠ ಎಷ್ಟು ಪೀಸ್ ಕೊಳ್ಳಬೇಕು, 28ರಿಂದ 36ರವರೆಗಿನ ಸೈಜಿನ ಒಂದು ಸೆಟ್ಟಿನಲ್ಲಿ ಯಾವುದು ಎಷ್ಟಿರುತ್ತದೆ, ಒಗೆದರೆ ಬಣ್ಣ ಬಿಡುತ್ತದೆಯೆ, ಪಾರ್ಸೆಲ್ ಯಾವ ಟ್ರಾನ್ಸ್‌ಪೋರ್ಟಿನಲ್ಲಿ ಕಳಿಸುತ್ತೀರಿ. ಈ ನಾಲ್ಕು ಪ್ರಶ್ನೆಗಳು ನಾಲ್ಕು ಪುಟಗಳು. ಅವಕ್ಕೆ ಉತ್ತರ ಗೊತ್ತಿರುವುದು ಅಂಗಡಿಯವರಿಗೆ, ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ.

ಸಿರುಗುಪ್ಪದ ರೈತನ ಪ್ರಶ್ನೆ ಬೇರೆ. "ಕಾಲುವಿಗೆ ನೀರು ಯಾವಾಗ ಬಿಡ್ತಾರ?" ಎಂದು ಅವನು ಕೇಳುತ್ತಾನೆ. ತುಂಗಭದ್ರಾ ಮಂಡಳಿಯು ಜಲಾಶಯದ ಮಟ್ಟವನ್ನು ದಿನದಿನವೂ ಪ್ರಕಟಿಸುವುದು ನಿಜ. ಆದರೆ ಆ ಲೆಕ್ಕವು ಅಡಿ, ಟಿಎಂಸಿ, ಕ್ಯೂಸೆಕ್‌ಗಳಲ್ಲಿ ಇರುವುದರಿಂದ, 1,633 ಅಡಿಯ ಪೂರ್ಣಮಟ್ಟಕ್ಕೆ ಇಂದು ಎಷ್ಟು ಕಡಿಮೆ, ಕೆಳಮಟ್ಟದ ಕಾಲುವೆಗೆ ಎಷ್ಟು ಹರಿಯುತ್ತಿದೆ, ಎರಡನೆಯ ಬೆಳೆಯ ವಿಷಯದಲ್ಲಿ ನೀರಾವರಿ ಸಲಹಾ ಸಮಿತಿಯು ಏನನ್ನು ನಿಶ್ಚಯಿಸಿದೆ ಎಂಬುದನ್ನು ಒಂದೇ ಕಡೆ ಸರಳವಾದ ಕನ್ನಡದಲ್ಲಿ ಬರೆದಿಟ್ಟವರು ರೈತನಿಗೆ ದೊಡ್ಡ ಉಪಕಾರವನ್ನೇ ಮಾಡಿದಂತಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನದೀತೀರದ ಊರುಗಳಿಗೆ ಇಂತಹ ಒಂದು ವಿಶ್ವಾಸಾರ್ಹವಾದ ಪುಟ ಎಷ್ಟು ಅಗತ್ಯವಾಗಿತ್ತೆಂಬುದನ್ನು ನೆನೆದರೆ ಸಾಕು. ಆದರೆ ವಿಪತ್ತಿನ ದಿನ ಹುಟ್ಟಿಕೊಂಡ ಪುಟವನ್ನು ಯಾರೂ ನಂಬುವುದಿಲ್ಲ. ಅದಕ್ಕೆ ಮೊದಲು ಅನೇಕ ತಿಂಗಳು ತಪ್ಪಿಲ್ಲದೆ ನಡೆದು ಬಂದ ಪುಟವನ್ನೇ ಜನರೂ ಶೋಧಯಂತ್ರವೂ ನೆಚ್ಚುವುದು.

ವ್ಯಾಪಾರ ವ್ಯವಸಾಯಗಳ ಆಚೆಗೂ ವಿಷಯ ಸಮೃದ್ಧವಾಗಿದೆ. ಅಶೋಕನ ಹೆಸರನ್ನೇ ಉಲ್ಲೇಖಿಸುವ ಲಘು ಶಿಲಾಶಾಸನಗಳು ಮಸ್ಕಿ, ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ಮಾತ್ರ ದೊರೆತಿವೆ. ಈ ನಾಲ್ಕರಲ್ಲಿ ಕೊನೆಯ ಎರಡು ಸಿರುಗುಪ್ಪ ತಾಲ್ಲೂಕಿನವು. ಸಂಗನಕಲ್ಲಿನ ನವಶಿಲಾಯುಗದ ನೆಲೆ, ಕುಪ್ಪಗಲ್ಲಿನಲ್ಲಿ ಬಡಿದರೆ ನಾದ ಹೊಮ್ಮಿಸುವ ಬಂಡೆಗಳು, ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿ, ಇವುಗಳ ಇತಿಹಾಸವನ್ನು ವಿಶ್ವಕೋಶಗಳು ಹೇಳುತ್ತವೆ. ಯಾವ ಬಸ್ಸಿನಲ್ಲಿ ಹೋಗಬೇಕು, ಎಲ್ಲಿ ಇಳಿಯಬೇಕು, ಬಂಡೆಗೆ ನಡೆದು ಹೋಗಲು ಎಷ್ಟು ಹೊತ್ತು, ಬೇಸಗೆಯಲ್ಲಿ ನೆರಳೂ ಕುಡಿಯುವ ನೀರೂ ಎಲ್ಲಿ ಸಿಕ್ಕುತ್ತವೆ ಎಂಬುದನ್ನು ಅವು ಹೇಳಲಾರವು. ಪ್ರವಾಸಿಗೆ ಬೇಕಾದದ್ದು ಈ ಎರಡನೆಯದೇ.

ಸಂಗ್ರಹಿಸಿದ ಪ್ರಶ್ನೆಗಳಲ್ಲಿ ಒಂದೇ ಗುಂಪನ್ನು ಆರಿಸಿಕೊಂಡು ಅದಕ್ಕೆ ನಿಷ್ಠರಾಗಿರಿ. "ಜೀನ್ಸ್" ಎಂಬ ಒಂದೇ ಪದಕ್ಕೆ ಮೊದಲ ಸ್ಥಾನವನ್ನು ಬಯಸುವುದು ದೇಶದ ದೊಡ್ಡ ಕಂಪನಿಗಳೊಡನೆ ಸೆಣಸುವ ವ್ಯರ್ಥಸಾಹಸ. "ಬಳ್ಳಾರಿ ಜೀನ್ಸ್ ಸಗಟು ದರ, ಕನಿಷ್ಠ ಆರ್ಡರು" ಎಂಬಂತಹ ನೀಳವಾದ ಪ್ರಶ್ನೆಯನ್ನು ಕೇಳುವವರು ಕೆಲವರೇ ಆದರೂ, ಅವರು ಕೊಳ್ಳಲೆಂದೇ ಬಂದವರು.

ಎರಡನೆಯದು: ಹೆಸರು ಮತ್ತು ಲಿಪಿ

2014ರ ನವೆಂಬರ್ 1ರಂದು ನಗರದ ಹೆಸರಿನ ಇಂಗ್ಲಿಷ್ ರೂಪವು ಅಧಿಕೃತವಾಗಿ ಬೆಲ್ಲಾರಿ ಎಂಬುದರಿಂದ ಬಳ್ಳಾರಿ ಎಂಬುದಕ್ಕೆ ಬದಲಾಯಿತು. ಆದರೆ ಹುಡುಕುವವರ ಬೆರಳು ಸರ್ಕಾರದ ಆಜ್ಞೆಗೆ ಒಡನೆಯೇ ಒಗ್ಗುವುದಿಲ್ಲವಾದ್ದರಿಂದ, ಹಳೆಯ ರೂಪದಲ್ಲಿಯೇ ಬರೆಯುವವರು ಇಂದಿಗೂ ಇದ್ದಾರೆ. ಕುರುಗೋಡನ್ನು ಕಡೆಯ ಉಕಾರವಿಲ್ಲದೆಯೂ ಬರೆಯುತ್ತಾರೆ. ಶೋಧಯಂತ್ರವು ಇಂತಹ ಭೇದಗಳನ್ನು ಬಹುಮಟ್ಟಿಗೆ ತಾನೇ ಅರಿಯುತ್ತದೆಯಾದರೂ, ಪುಟದ ಒಡಲಿನಲ್ಲಿ ಹಳೆಯ ಹೊಸ ರೂಪಗಳೆರಡೂ ಸಹಜವಾಗಿ ಒಂದೊಂದು ಬಾರಿ ಬರುವಂತೆ ನೋಡಿಕೊಳ್ಳುವುದು ವಿವೇಕ. ಒಂದೇ ಪದವನ್ನು ಇಪ್ಪತ್ತು ಬಾರಿ ತುರುಕುವುದು ಅವಿವೇಕ. ಗೂಗಲ್ ಅದನ್ನು ದೋಷವೆಂದೇ ಎಣಿಸುತ್ತದೆ. ಆದೋನಿ, ಗುಂತಕಲ್ಲುಗಳ ಕಡೆಯ ಗಿರಾಕಿಗಳು ಉಳ್ಳವರು ತೆಲುಗಿನಲ್ಲಿಯೂ ಪ್ರತ್ಯೇಕವಾದ ಪುಟಗಳನ್ನು ಬರೆಸಬೇಕು, ಅದೂ ಯಂತ್ರಾನುವಾದದಿಂದಲ್ಲ, ಭಾಷೆ ಬಲ್ಲವರ ಕೈಯಿಂದ.

ಲಿಪಿಯ ವಿಷಯ ಇದಕ್ಕಿಂತ ಗುರುತರವಾದುದು. ನಮ್ಮ ಡಿಟಿಪಿ ಕೇಂದ್ರಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕರಪತ್ರ, ಸ್ಮರಣಸಂಚಿಕೆ, ದರಪಟ್ಟಿಗಳು ಹೇರಳವಾಗಿವೆ. ಆ ಬರಹವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಶೋಧಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಗೊಂದಲವೇ ಹೊರತು ಕನ್ನಡವಲ್ಲ. ಆದಕಾರಣ ಅದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಅನಂತರ ಏರಿಸಬೇಕು. ದರಪಟ್ಟಿಯ ಚಿತ್ರವನ್ನು ಮಾತ್ರ ಹಾಕಿ ಸುಮ್ಮನಾಗುವ ರೂಢಿಯನ್ನೂ ಬಿಡಬೇಕು; ಚಿತ್ರದಲ್ಲಿರುವುದನ್ನು ಅಕ್ಷರದಲ್ಲಿಯೂ ಬರೆಯಬೇಕು.

ಮೂರನೆಯದು: ನೆಲೆ ಮತ್ತು ಪುಟ

ಡೊಮೈನ್ ಕೊಳ್ಳುವುದು, ಹೋಸ್ಟಿಂಗ್ ಪಡೆಯುವುದು, ವರ್ಡ್‌ಪ್ರೆಸ್ ತಂತ್ರಾಂಶವನ್ನು ಸ್ಥಾಪಿಸುವುದು ಒಂದು ದಿನದ ಕೆಲಸ, ವರ್ಡ್‌ಪ್ರೆಸ್ ಉಚಿತವಾದದ್ದು. ಡಾಟ್ ಇನ್ ವಿಳಾಸ ನಮ್ಮವರಿಗೆ ಸಾಲುತ್ತದೆ. ಕನ್ನಡದಲ್ಲಿಯೇ ಡಾಟ್ ಭಾರತ ಎಂಬ ವಿಳಾಸವೂ ಲಭ್ಯವಿದ್ದು, ಅಭಿಮಾನಕ್ಕಾಗಿ ಅದನ್ನೂ ಕೊಂಡು ಮುಖ್ಯ ವಿಳಾಸಕ್ಕೆ ಜೋಡಿಸಬಹುದು. ಎಚ್‌ಟಿಟಿಪಿಎಸ್ ಭದ್ರತೆ ಇರಲೇಬೇಕು. ಹಳ್ಳಿಯ ಸಾಧಾರಣ ಮೊಬೈಲಿನಲ್ಲಿ, ದುರ್ಬಲವಾದ ಸಿಗ್ನಲಿನಲ್ಲಿ ಪುಟ ತೆರೆದುಕೊಳ್ಳಬೇಕು: ಪುಟದ ಪ್ರಧಾನ ಭಾಗವು ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಇಟ್ಟಿರುವ ಮಾನದಂಡ, ಅದನ್ನು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಪರೀಕ್ಷಿಸಬಹುದು. ಸಾಮಾನ್ಯವಾಗಿ ದೋಷವಿರುವುದು ಕ್ಯಾಮೆರಾದಿಂದ ಹಾಗೆಯೇ ಏರಿಸಿದ ಭಾರವಾದ ಫೋಟೋಗಳಲ್ಲಿ. ಅವುಗಳನ್ನು ಕಿರಿದುಗೊಳಿಸಿ ವೆಬ್‌ಪಿ ರೂಪಕ್ಕೆ ತಂದರೆ ಬಹುಪಾಲು ತೊಂದರೆ ನೀಗುತ್ತದೆ.

ಪುಟದ ಶೀರ್ಷಿಕೆಯಲ್ಲಿ ಪ್ರಶ್ನೆಯೂ ಊರಿನ ಹೆಸರೂ ಇರಲಿ. ಮೊದಲ ಎರಡು ವಾಕ್ಯಗಳಲ್ಲಿಯೇ ಉತ್ತರ ದೊರೆಯಲಿ. ವಿವರಗಳು ಅದರ ಬಳಿಕ ಬರಲಿ. ದರವನ್ನು ಬರೆದಲ್ಲಿ ಆ ದಿನದ ತಾರೀಖನ್ನು ತಪ್ಪದೆ ನಮೂದಿಸಬೇಕು. ಫೋಟೋಗಳು ಸ್ವಂತದ್ದಾಗಿರಬೇಕು, ಪ್ರತಿಯೊಂದಕ್ಕೂ ಅದರಲ್ಲಿ ಏನಿದೆಯೆಂದು ತಿಳಿಸುವ ಆಲ್ಟ್ ಬರಹವಿರಬೇಕು. ದೊಡ್ಡ ಕಾಲುವೆಯಿಂದ ತೂಬು, ತೂಬಿನಿಂದ ಹೊಲಗಾಲುವೆ ಹೊರಟು ಕೊನೆಯ ಗದ್ದೆಗೂ ನೀರು ಮುಟ್ಟುವಂತೆ, ಮುಖಪುಟದಿಂದ ವಿಷಯದ ಪುಟಗಳಿಗೆ, ಅಲ್ಲಿಂದ ಒಂದೊಂದು ಪ್ರಶ್ನೆಯ ಪುಟಕ್ಕೆ ಲಿಂಕುಗಳು ಹರಿಯಬೇಕು. ಯಾವ ಕಡೆಯಿಂದಲೂ ಲಿಂಕಿಲ್ಲದ ಪುಟವನ್ನು ಗೂಗಲ್ ಕಾಣದೆಯೇ ಹೋಗಬಹುದು.

ಅಂಗಡಿಯಾಗಲಿ ಗಿರಣಿಯಾಗಲಿ ಉಳ್ಳವರು ಜಾಲತಾಣದ ಜೊತೆಗೆ ಗೂಗಲ್ ಬಿಸಿನೆಸ್ ಪ್ರೊಫೈಲನ್ನೂ ಉಚಿತವಾಗಿ ತೆರೆದು, ವಿಳಾಸ, ದೂರವಾಣಿ, ವೇಳೆಗಳನ್ನು ಎರಡೂ ಕಡೆ ಒಂದೇ ರೀತಿಯಲ್ಲಿ ಬರೆಯಬೇಕು. ನಕ್ಷೆಯಲ್ಲಿ ಹುಡುಕುವವರು ಅಲ್ಲಿಂದಲೇ ಬರುತ್ತಾರೆ.

ನಾಲ್ಕನೆಯದು: ತಿದ್ದುವಿಕೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಭಾಗ, ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜಾಲತಾಣ ಸಿದ್ಧವಾದೊಡನೆ ಗೂಗಲ್ಲಿನ ಸರ್ಚ್ ಕನ್ಸೋಲಿನಲ್ಲಿ ಅದನ್ನು ನೋಂದಾಯಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಸಲ್ಲಿಸಿರಿ. ಯಾವ ಪ್ರಶ್ನೆಗೆ ನಿಮ್ಮ ಪುಟ ಎಷ್ಟು ಬಾರಿ ಕಾಣಿಸಿತು, ಎಷ್ಟು ಮಂದಿ ಒತ್ತಿ ಒಳಬಂದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿ ನಿಂತಿತು ಎಂಬ ಹದಿನಾರು ತಿಂಗಳ ಲೆಕ್ಕವನ್ನು ಅದು ಇಟ್ಟುಕೊಟ್ಟಿರುತ್ತದೆ. ತಿಂಗಳಿಗೊಮ್ಮೆ ಕುಳಿತು, ಎಂಟರಿಂದ ಇಪ್ಪತ್ತನೆಯ ಸ್ಥಾನದ ನಡುವೆ ನಿಂತಿರುವ, ಬಹಳ ಬಾರಿ ಕಾಣಿಸಿಯೂ ಕೆಲವರನ್ನೇ ಸೆಳೆದಿರುವ ಪುಟಗಳನ್ನು ಆರಿಸಿಕೊಳ್ಳಿ. ಅವು ಗೆಲುವಿಗೆ ಹತ್ತಿರದಲ್ಲಿರುವ ಪುಟಗಳು. ಹೊಸ ಹತ್ತು ಪುಟಗಳನ್ನು ಬರೆಯುವ ಶ್ರಮಕ್ಕಿಂತ ಇವುಗಳನ್ನು ತಿದ್ದುವ ಶ್ರಮ ಬೇಗ ಫಲ ಕೊಡುತ್ತದೆ. ಜನರು ನಿಜವಾಗಿ ಬಳಸಿದ ಮಾತು ಶೀರ್ಷಿಕೆಯಲ್ಲಿದೆಯೆ, ಅವರು ಕೇಳಿದ್ದಕ್ಕೆ ಪುಟದ ಆರಂಭದಲ್ಲಿ ಉತ್ತರವಿದೆಯೆ, ದರ ಹಳೆಯದಾಗಿದೆಯೆ ಎಂದು ನೋಡಿ ತಿದ್ದಿರಿ. ಒಂದೇ ಪ್ರಶ್ನೆಗೆ ಎರಡು ಪುಟಗಳಿದ್ದರೆ ಒಂದರಲ್ಲಿ ಇನ್ನೊಂದನ್ನು ಸೇರಿಸಿ, ಹಳೆಯ ವಿಳಾಸದಿಂದ ಹೊಸದಕ್ಕೆ 301 ಮರುನಿರ್ದೇಶನವನ್ನು ಕೊಡಿ.

ಫಲಕ್ಕೆ ಕಾಯುವ ತಾಳ್ಮೆ ಬೇಕು. ನಾಲ್ಕು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆಂದು ಗೂಗಲ್ ಸಂಸ್ಥೆಯವರೇ 2017ರಲ್ಲಿ ಹೇಳಿದ್ದಾರೆ. ಆ ಅವಧಿಯಲ್ಲಿ ಸಾವಿರ ಲಿಂಕುಗಳನ್ನು ಇಷ್ಟು ರೂಪಾಯಿಗೆ ಕೊಡುತ್ತೇವೆನ್ನುವವರು, ಒಂದೇ ರಾತ್ರಿಯಲ್ಲಿ ಐನೂರು ಲೇಖನಗಳನ್ನು ಯಂತ್ರದಿಂದ ಬರೆಸಿಕೊಡುತ್ತೇವೆನ್ನುವವರು ಬರುತ್ತಾರೆ. ಗೂಗಲ್ಲಿನ 2011ರ ಪಾಂಡಾ ಪರಿಷ್ಕರಣದಲ್ಲಿ ಸತ್ವಹೀನ ಪುಟಗಳೂ 2012ರ ಪೆಂಗ್ವಿನ್ ಪರಿಷ್ಕರಣದಲ್ಲಿ ಕೊಂಡ ಲಿಂಕುಗಳನ್ನು ನೆಚ್ಚಿದ ಪುಟಗಳೂ ಕೆಳಗಿಳಿದುವು. 2024ರ ಮಾರ್ಚಿನ ನಿಯಮಗಳಲ್ಲಿ, ಓದುಗನಿಗೆ ಉಪಯೋಗವಿಲ್ಲದೆ ರಾಶಿರಾಶಿಯಾಗಿ ತಯಾರಿಸಿದ ಪುಟಗಳು, ಯಂತ್ರ ಬರೆದದ್ದಾಗಲಿ ಮನುಷ್ಯ ಬರೆದದ್ದಾಗಲಿ, ನಿಷಿದ್ಧವೆಂದು ಸ್ಪಷ್ಟವಾಗಿ ಹೇಳಲಾಯಿತು. ಈ ದಾರಿಗಳನ್ನು ತುಳಿಯಲೇಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಊರಿನ ಕಾಲೇಜು, ವರ್ತಕರ ಸಂಘ, ಪತ್ರಿಕೆಗಳು ನಿಮ್ಮ ಪುಟ ಉಪಯುಕ್ತವೆಂದು ತಾವಾಗಿ ಕೊಡುವ ಒಂದೊಂದು ಲಿಂಕು ಮೆಲ್ಲನೆ ಬಂದರೂ ಬಾಳುತ್ತದೆ.

2024ರ ಆಗಸ್ಟಿನಿಂದ ಭಾರತದಲ್ಲಿಯೂ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯ ಸಾರಾಂಶವನ್ನು ಮೇಲ್ಭಾಗದಲ್ಲಿಯೇ ಕೊಡುತ್ತಿದೆ. ಒಂದೇ ವಾಕ್ಯದಲ್ಲಿ ಮುಗಿಯುವ ಉತ್ತರಕ್ಕಾಗಿ ಯಾರೂ ಪುಟವನ್ನು ತೆರೆಯದಿರಬಹುದು. ಈ ದಿನದ ದರ, ಅಳತೆಯ ಪಟ್ಟಿ, ಬಟ್ಟೆಯ ಹತ್ತಿರದ ಫೋಟೋ, ಆರ್ಡರು ಕೊಡುವ ಅವಕಾಶ, ಇವು ಇರುವಲ್ಲಿಗೆ ಮಾತ್ರ ಜನ ಬಂದೇ ಬರುತ್ತಾರೆ.

ಆದಾಯದ ಮಾರ್ಗಗಳು

ಜಾಹೀರಾತಿನ ಮಾತನ್ನು ಮೊದಲು ಹೇಳೋಣ. ಜಾಲತಾಣದಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್ ಆಡ್‌ಸೆನ್ಸ್‌ಗೆ ಅರ್ಜಿ ಹಾಕುವವನಿಗೆ 18 ವರ್ಷ ತುಂಬಿರಬೇಕು, ಜಾಲತಾಣದಲ್ಲಿ ಸ್ವಂತ ಬರಹವೂ ಗೋಪ್ಯತಾ ನೀತಿಯ ಪುಟವೂ ಇರಬೇಕು, ಬರೆಯುವ ಭಾಷೆ ಅವರ ಪಟ್ಟಿಯಲ್ಲಿದೆಯೆಂದು ಖಚಿತಪಡಿಸಿಕೊಂಡಿರಬೇಕು. ಗಳಿಕೆ 10 ಡಾಲರು ತಲುಪಿದಾಗ ವಿಳಾಸವನ್ನು ದೃಢಪಡಿಸುವ ಪಿನ್ ಅಂಚೆಯಲ್ಲಿ ಬರುತ್ತದೆ. ನಾಲ್ಕು ತಿಂಗಳೊಳಗೆ ಅದನ್ನು ದಾಖಲಿಸದಿದ್ದರೆ ಜಾಹೀರಾತು ನಿಲ್ಲುತ್ತದೆಯಾದ್ದರಿಂದ, ವಿಳಾಸವನ್ನು ಅಂಚೆಯವನು ಗುರುತಿಸುವಂತೆ ಓಣಿ, ಹೆಗ್ಗುರುತುಗಳ ಸಮೇತ ಬರೆಯಿರಿ. 100 ಡಾಲರು ಆದ ಮೇಲೆ ಮುಂದಿನ ತಿಂಗಳ 21ರಿಂದ 26ರೊಳಗೆ ಹಣ ಬ್ಯಾಂಕಿಗೆ ಹೊರಡುತ್ತದೆ. ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದು, ಗೆಳೆಯರಿಂದ ಒತ್ತಿಸುವುದು ಖಾತೆಯನ್ನೇ ಕಳೆಯುತ್ತದೆ.

ಆದರೆ ಒಂದು ಜಿಲ್ಲೆಯ ವಿಷಯವನ್ನು ಕನ್ನಡದಲ್ಲಿ ಬರೆಯುವ ತಾಣಕ್ಕೆ ಜಾಹೀರಾತಿನ ಹಣ ಕೈಖರ್ಚಿಗೆ ಆಗುವಷ್ಟೆಂದೇ ಎಣಿಸಿಕೊಳ್ಳುವುದು ಕ್ಷೇಮ. ಸಗಟು ಜೀನ್ಸಿನ ಪುಟದ ಮೂಲಕ ಹೊರರಾಜ್ಯದ ಒಬ್ಬ ವ್ಯಾಪಾರಿ ಕೊಟ್ಟ ಒಂದು ಆರ್ಡರು ಅನೇಕ ತಿಂಗಳ ಜಾಹೀರಾತನ್ನು ಮೀರಿಸಬಹುದು. ಸ್ವಂತ ಅಂಗಡಿಯಿಲ್ಲದವರು ಹೊಲಿಗೆ ಘಟಕಗಳಿಗೆ, ಅಕ್ಕಿ ಗಿರಣಿಗಳಿಗೆ ಪುಟಗಳನ್ನು ಬರೆದುಕೊಟ್ಟು ತಿಂಗಳ ಸಂಭಾವನೆಯನ್ನು ಪಡೆಯಬಹುದು, ಇಲ್ಲವೆ ತಮ್ಮ ತಾಣದಲ್ಲಿ ಅವರ ವಿವರಗಳನ್ನು ಪ್ರಕಟಿಸಿ ವಾರ್ಷಿಕ ಶುಲ್ಕವನ್ನು ಗೊತ್ತುಮಾಡಿಕೊಳ್ಳಬಹುದು. ಹಣ ಪಡೆದು ಬರೆದ ಪುಟದಲ್ಲಿ ಅದನ್ನು ಓದುಗನಿಗೆ ಕಾಣುವಂತೆ ಹೇಳಲೇಬೇಕು, ಅಂತಹ ಲಿಂಕಿಗೆ ಸ್ಪಾನ್ಸರ್ಡ್ ಎಂಬ ಗುರುತನ್ನೂ ಹಾಕಬೇಕು.

ಇನ್ನೊಂದು ಸಂಗತಿ ಉಳಿದಿದೆ. ಜಾಲತಾಣವನ್ನು ಬೇರೆಯವರಿಂದ ಮಾಡಿಸುವಾಗ ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಈ ನಾಲ್ಕೂ ಮಾಲಿಕನ ಸ್ವಂತ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಬೇಕು. ಮಾಡಿಕೊಟ್ಟವರಿಗೆ ಬೇಕಾದರೆ ಕೆಲಸ ಮಾಡುವ ಅಧಿಕಾರವನ್ನಷ್ಟೇ ಪ್ರತ್ಯೇಕವಾಗಿ ಕೊಡಬಹುದು. ಡೊಮೈನಿನ ನವೀಕರಣದ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ತಿಂಗಳ ಮುಂಚೆಯೇ ಹಣ ಕಟ್ಟಿರಿ.