ಕುದುರೆಯ ಚರ್ಮದ ಗಡ್ಡೆಗಳು: ಸಾರ್ಕಾಯ್ಡ್ ಮತ್ತು ಮೆಲನೋಮಾ

ಕುದುರೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಚರ್ಮದ ಗಡ್ಡೆ ಸಾರ್ಕಾಯ್ಡ್. 1936ರಲ್ಲಿ ದಕ್ಷಿಣ ಆಫ್ರಿಕಾದ ಜಾಕ್ಸನ್ ಇದನ್ನು ಮೊದಲು ವಿವರಿಸಿದರು. ಅಚ್ಚರಿಯೆಂದರೆ, ಇದರ ಮೂಲ ದನಗಳಲ್ಲಿ ನರೂಲಿ ಎಬ್ಬಿಸುವ ಬೊವೈನ್ ಪ್ಯಾಪಿಲೋಮಾ ವೈರಸ್. ಮುಖ್ಯವಾಗಿ ಅದರ 1 ಮತ್ತು 2ನೇ ಬಗೆ.

ಗುರುತಿಸುವುದು ಸುಲಭವಲ್ಲ. ಕಣ್ಣಿನ ಸುತ್ತ, ಎದೆ ಅಥವಾ ತೊಡೆಸಂದಿಯಲ್ಲಿ ಮೊದಲಿಗೆ ಕೂದಲುದುರಿ ಹೊಟ್ಟೆದ್ದ ದುಂಡು ಕಲೆಯಷ್ಟೇ ಕಾಣಬಹುದು. ಹುಳುಕಡ್ಡಿಯೆಂದು ಮುಲಾಮು ಹಚ್ಚಿ ಸುಮ್ಮನಾಗುವವರೇ ಹೆಚ್ಚು. ಮುಂದೆ ಅದು ನರೂಲಿಯಂತೆ ಒರಟಾಗಬಹುದು, ಚರ್ಮದಡಿ ಗಂಟಾಗಬಹುದು, ರಕ್ತ ಒಸರುವ ಹಸಿ ಮಾಂಸವಾಗಿಯೂ ಬೆಳೆಯಬಹುದು. ಬಯಾಪ್ಸಿಗೆಂದು ತುಸು ಕತ್ತರಿಸಿದರೂ ಕೆರಳುವ ಗುಣ ಇದಕ್ಕಿದೆ. ವೈದ್ಯರು ಹಿಂಜರಿಯುವುದು ಅದಕ್ಕೇ. ಶಸ್ತ್ರಚಿಕಿತ್ಸೆ ಅಥವಾ ಲೇಸರ್ ಬಳಸಿದಾಗ ಸುತ್ತಲಿನ ಆರೋಗ್ಯವಂತ ಚರ್ಮದ ಅಂಚನ್ನೂ ಸೇರಿಸಿ ತೆಗೆಯುತ್ತಾರೆ. ಗಡ್ಡೆಗೇ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಚುಚ್ಚುವುದುಂಟು. ಕಣ್ಣಿನ ಬಳಿಯ ಗಡ್ಡೆಗೆ ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆಯನ್ನೂ ಬಳಸುತ್ತಾರೆ.

ಮೆಲನೋಮಾ ಹೆಚ್ಚಾಗಿ ಕಾಡುವುದು ಬೂದು ಕುದುರೆಗಳನ್ನು. ಗಾಢ ಬಣ್ಣದಲ್ಲಿ ಹುಟ್ಟಿ ಬೆಳೆದಂತೆ ಬೆಳ್ಳಗಾಗುವ ಲಿಪಿಜಾನರ್ ತಳಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಕೂದಲು ನರೆಯುವುದಕ್ಕೂ ಈ ಗಡ್ಡೆಗೂ ಎಸ್‌ಟಿಎಕ್ಸ್17 ಜೀನ್‌ನ ಬದಲಾವಣೆಯೇ ಕಾರಣವೆಂದು 2008ರಲ್ಲಿ ತಿಳಿಯಿತು.

ಬಾಲದಡಿ ಮತ್ತು ಗುದದ ಸುತ್ತ ಕಪ್ಪು, ಗಟ್ಟಿ ಗಂಟುಗಳೇ ಇದರ ಲಕ್ಷಣ. ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಸುವುದು ಒಳ್ಳೆಯದು; ತಡವಾದರೆ ಒಳಾಂಗಗಳಿಗೂ ಹರಡಬಹುದು.