ಸೈಕಾಲಜಿಗೆ ಫೀ ಕಟ್ಟುವ ಮುನ್ನ

ಡಿಗ್ರಿ ರಿಸಲ್ಟ್ ಬಂದ ಮೇಲೆ ಕಲಬುರಗಿ ಸೂಪರ್ ಮಾರ್ಕೆಟ್‌ನ ಆನ್‌ಲೈನ್ ಸೆಂಟರ್‌ಗಳಲ್ಲಿ ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ಕಮಲಾಪುರದಿಂದ ಬಸ್ ಹಿಡಿದು ಬಂದವರು ಅಲ್ಲೇ ಕೇಳಿಬಿಡುತ್ತಾರೆ: "ಅಣ್ಣಾ, ಎಂ.ಎ. ಸೈಕಾಲಜಿ ಮುಗಿಸಿದ್ರ ಕ್ಲಿನಿಕ್ ಹಾಕ್ಲಿಕ್ ಬರ್ತದೇನ್ರಿ?" "ಬರ್ತದ ತಂಗಿ, ಆಧಾರ್ ಕೊಡು." ಅರ್ಜಿ ತುಂಬುವ ಕೆಲಸ ಅವನದು, ಅವನನ್ನು ಬೈಯುವಂತಿಲ್ಲ. ಆದರೆ ಪದವಿ ಕೊಡುವುದು ವಿಶ್ವವಿದ್ಯಾಲಯ, ವೃತ್ತಿಗೆ ಅನುಮತಿ ಕೊಡುವುದು ಬೇರೆಯದೇ ಸಂಸ್ಥೆ.

ಹಂತ 1: ಮೊದಲು ಕೆಲಸ ಗೊತ್ತುಮಾಡಿಕೊಳ್ಳಿ. ಪಾಠ ಹೇಳುವುದೋ, ಶಾಲೆಯಲ್ಲಿ ಆಪ್ತಸಮಾಲೋಚನೆಯೋ, ರೋಗಿಗಳನ್ನು ನೋಡುವುದೋ? ಉಪನ್ಯಾಸಕರಾಗುವವರಿಗೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ದಾರಿ ಇದೆ, ಕೆಳಗಿನ ತಲೆನೋವು ಅವರಿಗಿಲ್ಲ.

ಹಂತ 2: ನಿಮ್ಮ ಕೆಲಸ ಯಾವ ಕಾನೂನಿನಡಿ ಬರುತ್ತದೆಂದು ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಿದ್ದರೆ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. ಅದರ ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. (ದಂಡದ ಮೊತ್ತ ನೋಡಿ ನಗು ಬರುತ್ತದೆ, ಜೈಲು ನೋಡಿದರೆ ಬರುವುದಿಲ್ಲ.) 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ನೋಂದಣಿ ಆಗಬೇಕು. ಉಳಿದ ಮನೋವಿಜ್ಞಾನಿಗಳನ್ನು 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ತನ್ನ ಪಟ್ಟಿಗೆ ತಂದಿದೆ. ಅದರಡಿ ರಾಜ್ಯಕ್ಕೊಂದು ಪರಿಷತ್ತು.

ಹಂತ 3: ರಿಜಿಸ್ಟರ್‌ನಿಂದ ಹಿಂದಕ್ಕೆ ಎಣಿಸುತ್ತಾ ಕೋರ್ಸ್ ಆರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಸೈಕಾಲಜಿ ಎಂ.ಎ. ಮಾಡಿದರೆ ಅದು ಒಳ್ಳೆಯ ಬುನಾದಿ. ಆದರೆ ಸಾಮಾನ್ಯ ಎಂ.ಎ. ಒಂದರಿಂದಲೇ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಇಷ್ಟು ದಿನ ಅದರ ಮೇಲೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್. ಮಾಡಬೇಕಿತ್ತು. ಓದಿಗಿಂತ ಹೆಚ್ಚಾಗಿ ವಾರ್ಡಿನಲ್ಲಿ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡುತ್ತಾ ಕಲಿಯುವ ಕೋರ್ಸ್ ಅದು. ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದಾಗ ಈ ಕೋರ್ಸ್‌ಗೆ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ನಾಲ್ಕು ವರ್ಷದ ಬಿ.ಎಸ್‌ಸಿ. ಆನರ್ಸ್, ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. ಎಂಬ ಹೊಸ ದಾರಿಗಳನ್ನು ತೆರೆದಿದೆ. ಅಣ್ಣನೋ ಅಕ್ಕನೋ ಐದು ವರ್ಷದ ಹಿಂದೆ ಹೋದ ದಾರಿ ಇವತ್ತು ನಿಮಗೆ ಇರಲಿಕ್ಕಿಲ್ಲ.

ಹಂತ 4: ಕಾಲೇಜಿನ ಮಾತು ನಂಬಿ ಕೂಡಬೇಡಿ, ಆರ್‌ಸಿಐ ವೆಬ್‌ಸೈಟಿನ ಪಟ್ಟಿ ತೆಗೆಯಿಸಿ. ಅನುಮೋದನೆ ಇಡೀ ವಿಶ್ವವಿದ್ಯಾಲಯಕ್ಕಲ್ಲ, ಆ ಸಂಸ್ಥೆಯ ಆ ಕೋರ್ಸ್‌ಗೆ, ಅದೂ ನಿಗದಿತ ವರ್ಷಗಳಿಗೆ. ನೀವು ಸೇರುವ ವರ್ಷ ಅದರಲ್ಲಿ ಇದೆಯೇ ನೋಡಿ. ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ಹಂತ 5: "ಮನೆಯಲ್ಲೇ ಕೂತು ಸೈಕಾಲಜಿ ಪದವಿ" ಎನ್ನುವ ಕರಪತ್ರ ಕೈಗೆ ಬಂದರೆ ಅಲ್ಲೇ ಬಿಡಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಸೈಕಾಲಜಿ ಕಲಿಸಬಾರದೆಂದು ಯುಜಿಸಿ ತಡೆದಿದೆ.

ಹಂತ 6: ಕಾಗದ ಹೊಂದಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು ಎನ್ನುವುದು ನಮ್ಮ ಕಡೆ ಮಾಮೂಲು. ನೋಂದಣಿಗೆ ಹಾಕುವ ಮೊದಲೇ ತಿದ್ದಿಸಿ. ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಸರ್ಟಿಫಿಕೇಟ್ ಸೀಟಿಗೂ ನೌಕರಿಗೂ ನೆರವಾಗುತ್ತದೆ, ಲೈಸೆನ್ಸ್‌ಗಲ್ಲ.

ಹಂತ 7: ಕೋರ್ಸ್ ಮುಗಿದ ಕೂಡಲೇ ನೋಂದಣಿಗೆ ಅರ್ಜಿ ಹಾಕಿ. ನಂಬರ್ ಬಂದ ಮೇಲೂ ಆಗಾಗ ನವೀಕರಿಸಬೇಕು, ಅದಕ್ಕೆ ಮುಂದುವರಿದ ತರಬೇತಿಯ ಅಂಕಗಳು ಬೇಕು. ಅಮೆರಿಕಕ್ಕೆ ಹೋಗುವ ಆಸೆ ಇದ್ದವರಿಗೆ ಈ ನೋಂದಣಿ ಅಲ್ಲಿ ನಡೆಯದು: ಅಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಬೋರ್ಡ್, ಹೆಚ್ಚಿನ ಕಡೆ ಡಾಕ್ಟರೇಟ್ ಮತ್ತು ಇಪಿಪಿಪಿ ಪರೀಕ್ಷೆ.

ಬೋರ್ಡ್ ಬರೆಸುವುದು ಕೊನೆಗೆ. ಹೆಸರು, ಪದವಿ, ನೋಂದಣಿ ಸಂಖ್ಯೆ ಇಷ್ಟೇ ಇರಲಿ, ಡಾಕ್ಟರೇಟ್ ಇಲ್ಲದಿದ್ದರೆ ಪೇಂಟರ್ ತಾನಾಗಿ ಸೇರಿಸುವ "ಡಾ." ಅಳಿಸಿಯೇ ದುಡ್ಡು ಕೊಡಿ.